ಹೆಸರು ಮತ್ತು ಛಾಯಾಚಿತ್ರ

ಬಾನುಲಿಯಲ್ಲಿ ಸಂಗೀತ ಕೇಳುವ ಅಭ್ಯಾಸವಿರುವ ತಮಗೆ ಒಂದು ಸಂಗತಿ ಚೆನ್ನಾಗಿ ತಿಳಿದಿರುತ್ತದೆ. ಪೆಟ್ಟಿಗೆಯ ಗುಂಡಿ ತಿರುಗಿಸುವ ವೇಳೆಗೆ ಕಛೇರಿ ಅರ್ಧ ಮುಗಿದಿರಬಹುದು, ಹಾಡುತ್ತಿರುವವರು ಯಾರೆಂಬ ಪ್ರಕಟಣೆ ತಪ್ಪಿಹೋಗಿರಬಹುದು. ಆದರೂ ಒಂದೆರಡು ಆವರ್ತ ಕೇಳುವಷ್ಟರಲ್ಲಿ "ಇದು ಇಂಥವರದೇ ಶಾರೀರ" ಎಂದು ಮನೆಯಲ್ಲಿ ಒಬ್ಬರಾದರೂ ಹೇಳಿಬಿಡುತ್ತಾರೆ. ಛಾಯಾಚಿತ್ರದ ವಿಷಯದಲ್ಲಿ ಹೀಗೆ ಹೇಳಬಲ್ಲವರು ಎಷ್ಟು ಮಂದಿ? ಕುಂಚ ಹಿಡಿದವನ ಕೈಯ ಗುರುತು ಬಣ್ಣದಲ್ಲಿ ಉಳಿಯುತ್ತದೆ. ಕ್ಯಾಮೆರಾದ ಗುಂಡಿ ಒತ್ತಿದ ಬೆರಳಿನ ಗುರುತು ಚಿತ್ರದಲ್ಲಿ ಕಾಣುವುದಿಲ್ಲ. ಆದುದರಿಂದಲೇ ಚಿತ್ರದ ಕೆಳಗೆ ಸಣ್ಣಕ್ಷರಗಳಲ್ಲಿ ಅಚ್ಚಾಗುವ ಹೆಸರಿಗೆ ಇಲ್ಲಿ ಮಿಕ್ಕ ಕಲೆಗಳಿಗಿಂತ ಹೆಚ್ಚಿನ ಅಧಿಕಾರ ಬಂದುಬಿಟ್ಟಿದೆ ಎಂದು ನನಗೆ ತೋರುತ್ತದೆ. ಚಿತ್ರ ಸೊಗಸಾಗಿದೆಯೆಂದು ನಾವು ತಲೆದೂಗುವುದು ಚಿತ್ರವನ್ನು ನೋಡಿಯೋ, ಆ ಹೆಸರನ್ನು ಓದಿಯೋ?

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ನಡೆದ ಒಂದು ಪ್ರಕರಣವನ್ನು ಕೇಳಿ. ಅಲ್ಲಿನ ಯೊಸೆಮಿಟಿ ಕಣಿವೆಯ ಬಂಡೆಗಳನ್ನೂ ಜಲಪಾತಗಳನ್ನೂ ಕಪ್ಪುಬಿಳುಪಿನಲ್ಲಿ ಹಿಡಿದು ಜಗತ್ಪ್ರಸಿದ್ಧರಾದವರು ಆನ್ಸೆಲ್ ಆಡಮ್ಸ್. 1902ರಲ್ಲಿ ಹುಟ್ಟಿ 1984ರಲ್ಲಿ ತೀರಿಕೊಂಡವರು. ಅವರು ಹೋಗಿ ಹದಿನಾರು ವರ್ಷಗಳಾದ ಮೇಲೆ, 2000ನೆಯ ಇಸವಿಯಲ್ಲಿ, ಫ್ರೆಸ್ನೊ ಎಂಬ ಊರಿನಲ್ಲಿ ಯಾರೋ ಮನೆಯ ಹಳೆಯ ಸಾಮಾನುಗಳನ್ನು ಹೊರಗಿಟ್ಟು ಮಾರುತ್ತಿದ್ದರು. ಗೋಡೆಗೆ ಬಣ್ಣ ಬಳಿಯುವ ಕಸುಬಿನವರೊಬ್ಬರು ಅಲ್ಲಿ ಗಾಜಿನ ನೆಗೆಟಿವ್‌ಗಳ ಎರಡು ಪೆಟ್ಟಿಗೆಗಳನ್ನು ಕೊಂಡರು. ಫಲಕಗಳು 65, ಚೌಕಾಸಿ ಮಾಡಿ ಕೊಟ್ಟದ್ದು 45 ಡಾಲರ್. ಚಿತ್ರಗಳಲ್ಲಿ ಹಲವು ಯೊಸೆಮಿಟಿಯವು. ಇವು ಆಡಮ್ಸರವೇ ಏಕಾಗಿರಬಾರದು? ವರ್ಷಗಟ್ಟಲೆ ಅವರು ಇದೇ ಧ್ಯಾನದಲ್ಲಿ ತಜ್ಞರ ಮನೆಬಾಗಿಲು ತಟ್ಟಿದರು. 2010ರ ಜುಲೈ ತಿಂಗಳಿನಲ್ಲಿ, ಇವು ಆಡಮ್ಸರ ಕೃತಿಗಳೇ ಹೌದೆಂದು ಅವರ ಪಕ್ಷದವರು ಸಾರಿದರು. ಬೆಲೆ 20 ಕೋಟಿ ಡಾಲರ್ ಆಗಬಹುದೆಂದು ಕಲಾವ್ಯಾಪಾರಿಯೊಬ್ಬರು ಅಂದಾಜು ಕಟ್ಟಿದರು!

ಇದನ್ನು ಸಿದ್ಧಪಡಿಸಿದ ರೀತಿ ನೋಡಿ. ಲಕೋಟೆಗಳ ಮೇಲಿನ ಬರಹ ಆಡಮ್ಸರ ಪತ್ನಿಯದೆಂದು ಕೈಬರಹದ ತಜ್ಞರು ಹೇಳಿದರು. ಕೆಲವು ಫಲಕಗಳಲ್ಲಿ ಕಂಡ ಸುಟ್ಟ ಗುರುತು 1937ರಲ್ಲಿ ಆಡಮ್ಸರ ಕತ್ತಲೆಕೋಣೆಗೆ ಬಿದ್ದ ಬೆಂಕಿಯದೆಂದು ವಾದಿಸಿದರು. ಮೋಡವನ್ನೂ ಹಿಮವನ್ನೂ ತಾಳೆ ನೋಡಿದ್ದಾಯಿತು. ಅತ್ತ ಆಡಮ್ಸರ ಮನೆಯವರು, ಯೊಸೆಮಿಟಿಯಲ್ಲೇ ಬೆಳೆದ ಆ ಹೆಣ್ಣುಮಗಳು ಅಲ್ಲಿನ ಸ್ಥಳಗಳ ಹೆಸರನ್ನು ತಪ್ಪು ಕಾಗುಣಿತದಲ್ಲಿ ಬರೆಯುವುದುಂಟೆ ಎಂದು ಕೇಳಿದರು. ಬರಹದ ಮೇಲೆ ವಾದ, ಬೆಂಕಿಯ ಮೇಲೆ ವಾದ, ಮೋಡದ ಮೇಲೆ ವಾದ. ಚಿತ್ರ ಚೆನ್ನಾಗಿದೆಯೇ ಎಂಬ ಪ್ರಶ್ನೆ ಈ ಗದ್ದಲದಲ್ಲಿ ಮೂಲೆಗೆ ಸರಿಯಿತು.

ಅಷ್ಟರಲ್ಲಿ ಓಕ್ಲೆಂಡ್ ನಗರದ ವೃದ್ಧ ಮಹಿಳೆಯೊಬ್ಬರು ಟೆಲಿವಿಷನ್ ವಾರ್ತೆಯಲ್ಲಿ ಆ ಚಿತ್ರಗಳಲ್ಲೊಂದನ್ನು ಕಂಡರು. ಸೆಂಟಿನೆಲ್ ಡೋಮ್ ಎಂಬ ಹೆಬ್ಬಂಡೆಯ ನೆತ್ತಿಯಲ್ಲಿ ಗಾಳಿಗೆ ಬಾಗಿ ಬೆಳೆದ ಒಂಟಿ ಪೈನ್ ಮರ. ಅಂಥದೇ ಚಿತ್ರ ಅವರ ಸ್ನಾನದಮನೆಯ ಗೋಡೆಯ ಮೇಲೆ ತೂಗುತ್ತಿತ್ತು! ಅದನ್ನು ತೆಗೆದವರು ಅವರ ಬಳಗದ ಹಿರಿಯರೊಬ್ಬರು, 1923ರಲ್ಲಿ. ನ್ಯಾಯಾಲಯದ ಮೆಟ್ಟಿಲೇರಿದ್ದ ವ್ಯಾಜ್ಯ 2011ರಲ್ಲಿ ರಾಜಿಯಾಯಿತು: ಪ್ರತಿಗಳನ್ನು ಮಾರಿಕೊಳ್ಳಬಹುದು, ಆಡಮ್ಸರ ಹೆಸರನ್ನು ಮಾತ್ರ ಬಳಸಕೂಡದು. 45 ಡಾಲರ್ ಇದ್ದಾಗಲೂ, 20 ಕೋಟಿ ಆದಾಗಲೂ, ಆ ಹೆಸರು ಕಳಚಿಬಿದ್ದಾಗಲೂ ಗಾಜಿನ ಮೇಲಿನ ಬೆಳ್ಳಿಯ ಕಣಗಳು ಇದ್ದಲ್ಲಿಯೇ ಇದ್ದವು.

ಹಾಗಾದರೆ ಕೀರ್ತಿಯೆಂಬುದು ಬರಿಯ ಮಂಕುಬೂದಿಯೆ? ಅಷ್ಟು ಸುಲಭವಾಗಿ ಹೇಳಿಬಿಡಲಾಗದು. ಒಂದು ಒಳ್ಳೆಯ ಚಿತ್ರ ಯಾರ ಕ್ಯಾಮೆರಾಕ್ಕಾದರೂ ಅದೃಷ್ಟದಿಂದ ಬಿದ್ದೀತು, ನೂರು ಬೀಳುವುದಿಲ್ಲ. ಆಡಮ್ಸ್ ಮೊದಲು ಪಿಯಾನೊ ಕಲಿತವರು. ನೆಗೆಟಿವ್ ಎಂಬುದು ಸ್ವರಲಿಪಿ, ಮುದ್ರಿಸುವುದೇ ಕಛೇರಿ ಎನ್ನುವುದು ಅವರ ಅಭಿಪ್ರಾಯ. 1941ರಲ್ಲಿ ನ್ಯೂ ಮೆಕ್ಸಿಕೊದ ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರ ಮೂಡಿದ್ದನ್ನು ಅವರು ತೆಗೆದರು. ಆ ಒಂದೇ ನೆಗೆಟಿವ್‌ನಿಂದ ಬದುಕಿನುದ್ದಕ್ಕೂ 1,300ಕ್ಕೂ ಹೆಚ್ಚು ಪ್ರತಿಗಳನ್ನು ಮುದ್ರಿಸಿದರು. ಮೊದಲಿನ ಪ್ರತಿಗಳಲ್ಲಿ ಆಕಾಶ ಪೇಲವ, ಮೋಡದ ಎಳೆಗಳು ಕಾಣುತ್ತವೆ. ಕೊನೆಕೊನೆಯವುಗಳಲ್ಲಿ ಆಕಾಶ ಕಾಡಿಗೆಯಂತೆ ಕಪ್ಪು, ಚಂದ್ರನೊಬ್ಬನೇ ರಾಜ. ಒಂದೇ ರಾಗವನ್ನು ಮೂವತ್ತು ನಲವತ್ತು ವರ್ಷ ಹಾಡಿ ಹದಮಾಡಿದಂತೆ. ಇಂಥ ಶ್ರಮದಿಂದ ಬಂದ ಹೆಸರು "ಇಲ್ಲಿ ಸ್ವಲ್ಪ ನಿಂತು ನೋಡು" ಎಂದು ಹೇಳಿದರೆ ಅದನ್ನು ಕೇಳುವುದು ಮೂರ್ಖತನವಲ್ಲ. ಫ್ರೆಸ್ನೊದ ಫಲಕಗಳು ನಿಜವಾಗಿ ಅವರವೇ ಆಗಿದ್ದರೂ ಅವರ ಕೈಯಿಂದ ಮುದ್ರಣವಾಗದ ಮೇಲೆ ಅವು ಹಾಡದೆ ಉಳಿದ ಸ್ವರಲಿಪಿಗಳೇ ಸರಿ. ಆ 20 ಕೋಟಿ ಹೆಸರಿನ ಬೆಲೆಯೇ ಹೊರತು ಕಲೆಯ ಬೆಲೆಯಲ್ಲ ಎಂಬ ನನ್ನ ಅನುಮಾನಕ್ಕೆ ಇದೂ ಒಂದು ಕಾರಣ.

ನನ್ನ ತಕರಾರು ಬೇರೆಯೇ. ಹೆಸರಿದ್ದಲ್ಲಿ ನಿಲ್ಲುವ ನಾವು ಹೆಸರಿಲ್ಲದಲ್ಲಿ ನಿಲ್ಲುವುದೇ ಇಲ್ಲ. ಷಿಕಾಗೊದಲ್ಲಿ ವಿವಿಯನ್ ಮೇಯರ್ ಎಂಬಾಕೆ ಸುಮಾರು ನಲವತ್ತು ವರ್ಷ ಪರರ ಮಕ್ಕಳನ್ನು ನೋಡಿಕೊಳ್ಳುವ ದಾದಿಯಾಗಿದ್ದರು. ಬಿಡುವಿನಲ್ಲಿ ಬೀದಿ ಅಲೆದು ಚಿತ್ರ ತೆಗೆಯುತ್ತಿದ್ದರು. ನೆಗೆಟಿವ್‌ಗಳೇ ಒಂದು ಲಕ್ಷಕ್ಕೂ ಮಿಕ್ಕು, ತೊಳೆಸದೆ ಬಿಟ್ಟ ರೀಲುಗಳು ಬೇರೆ. ಬಾಡಿಗೆ ಬಾಕಿಯಾಗಿ ಉಗ್ರಾಣದಲ್ಲಿದ್ದ ಅವರ ಸಾಮಾನು 2007ರಲ್ಲಿ ಹರಾಜಾಯಿತು. 2009ರಲ್ಲಿ ಅವರು ತೀರಿಕೊಂಡರು. ಲೋಕ ಕೊಂಡಾಡತೊಡಗಿದ್ದು ಆಮೇಲೆ. ಈಗ ಅವರ ಚಿತ್ರಗಳ ಮುಂದೆ ಜನ ಸೇರುತ್ತಾರೆ. ಚಿತ್ರಗಳು ನಿಜಕ್ಕೂ ಯೋಗ್ಯವಾದವು. ಆದರೂ "ಪಾಪ, ದಾದಿಯಂತೆ" ಎಂಬ ಕಥೆ ಈಗ ಹೆಸರಿನ ಕೆಲಸವನ್ನೇ ಮಾಡುತ್ತಿದೆ ಎನ್ನದೆ ವಿಧಿಯಿಲ್ಲ.

ಹರಾಜಿನಲ್ಲಿ ಕೊಂಡವರು ಆ ಪೆಟ್ಟಿಗೆಗಳನ್ನು ಕಸಕ್ಕೆ ಹಾಕಿದ್ದರೆ? ನಮ್ಮ ಊರುಗಳ ಹಳೆಯ ಸ್ಟುಡಿಯೋಗಳು ಬಾಗಿಲು ಹಾಕಿದಾಗ ಅಲ್ಲಿನ ಫಲಕಗಳಿಗೆ ಗಿರಾಕಿ ಯಾರು? ಮದುವೆಯ ಗುಂಪು, ಶಾಲೆಯ ಗುಂಪು, ತೊಡೆಯ ಮೇಲಿನ ಕೂಸು, ಎಲ್ಲವೂ ಅಲ್ಲಿ ಇದ್ದಾವು. ತಮ್ಮ ನಡುಮನೆಯಲ್ಲಿ ಅಜ್ಜ ಅಜ್ಜಿಯರ ಪಟವೊಂದು ತೂಗುತ್ತಿದ್ದರೆ ಈ ಸಂಜೆ ಅದನ್ನು ಕೆಳಗಿಳಿಸಿ ಧೂಳು ಒರೆಸಿ. ಬೆಳಕು ಯಾವ ಕಡೆಯಿಂದ ಬಿದ್ದಿದೆ, ಅಜ್ಜಿಯ ಕೈಯನ್ನು ಕುರ್ಚಿಯ ಮೇಲೆ ಹಾಗೆ ಇರಿಸಿದವರು ಯಾರು, ಮುಖದ ಆ ಅರ್ಧ ನಗೆಗಾಗಿ ಅವರು ಎಷ್ಟು ಹೊತ್ತು ಕಾದಿರಬಹುದು ಎಂದು ನೋಡಿ. ರಟ್ಟಿನ ಕೆಳಮೂಲೆಯಲ್ಲಿ ಸ್ಟುಡಿಯೋದ ಮುದ್ರೆ ಇನ್ನೂ ಇದ್ದರೂ ಇರಬಹುದು. ಅದನ್ನು ಕೊನೆಯಲ್ಲಿ ಓದಿ.