ರೇಷ್ಮೆ ಹುಳ ಹೆಣ್ಣಾಗುವ ಬಗೆ

ಮಾಗಡಿ, ಕುಣಿಗಲ್ ಕಡೆಯ ಬಿತ್ತನೆ ಗೂಡು ಮೊಟ್ಟೆ ಕೇಂದ್ರ ಸೇರಿದರೆ, ಅಲ್ಲಿ ಗಂಡು ಹೆಣ್ಣು ಬೇರೆ ಮಾಡುತ್ತಾರೆ. ಮೈಸೂರು ತಳಿಯ ಹೆಣ್ಣಿಗೆ ಬೈವೋಲ್ಟೈನ್ ತಳಿಯ ಗಂಡೇ ಕೂಡಬೇಕು. ತನ್ನದೇ ತಳಿಯದು ಕೂಡಿತೋ, ಮಿಶ್ರತಳಿ ಕೈತಪ್ಪಿತು. ಗೂಡು ಕೊಯ್ದು ಒಳಗಿನ ಪ್ಯೂಪದ ಹಿಂತುದಿ ನೋಡುತ್ತಾರೆ: ಹೆಣ್ಣಿಗೆ ಎಕ್ಸ್‌ನಂಥ ಗೆರೆ, ಗಂಡಿಗೆ ಚುಕ್ಕೆ. ನುರಿತ ಕಣ್ಣಿಗೆ ಕ್ಷಣದ ಕೆಲಸ. ವಿಜ್ಞಾನಿಗಳಿಗೆ ಮಾತ್ರ ಈ ಗಂಡು ಹೆಣ್ಣಿನ ವ್ಯತ್ಯಾಸದ ಮೂಲ ಹುಡುಕಲು ನೂರು ವರ್ಷವೂ ಸಾಲಲಿಲ್ಲ.

1891ರಲ್ಲಿ ಜರ್ಮನಿಯ ಹರ್ಮನ್ ಹೆಂಕಿಂಗ್ ಒಂದು ತಿಗಣೆಯ ಅರ್ಧದಷ್ಟು ವೀರ್ಯಾಣುಗಳಲ್ಲಿ ಮಾತ್ರ ಇದ್ದ ತುಣುಕೊಂದನ್ನು ಕಂಡ. ಏನೆಂದು ತಿಳಿಯದೆ ‘ಎಕ್ಸ್’ ಎಂದು ಬರೆದಿಟ್ಟ. 1905ರಲ್ಲಿ ಅಮೆರಿಕದ ನೆಟ್ಟಿ ಸ್ಟೀವನ್ಸ್ ಹಿಟ್ಟಿನ ಹುಳದ ವರ್ಣತಂತು ಎಣಿಸಿದರು: ಹೆಣ್ಣಿಗೆ 20 ದೊಡ್ಡವು, ಗಂಡಿಗೆ 19 ದೊಡ್ಡವು, ಒಂದು ಪುಟಾಣಿ. ಗಂಡು ಹೆಣ್ಣಿನ ಗುಟ್ಟು ಅಲ್ಲೇ ಇದೆಯೆಂದರು. ಅದೇ ವರ್ಷ ಇದೇ ವಿಷಯ ಬರೆದ ಎಡ್ಮಂಡ್ ವಿಲ್ಸನ್ ಹೆಸರು ಬಹುಕಾಲ ಮುಂದೆ ನಿಂತಿತು. ಅದು ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ.

ರೇಷ್ಮೆ ಹುಳದಲ್ಲಿ ಲೆಕ್ಕವೇ ತಿರುಗುಮುರುಗು. ಗಂಡಿಗೆ ಎರಡು ಝಡ್ ವರ್ಣತಂತು, ಹೆಣ್ಣಿಗೆ ಒಂದು ಝಡ್, ಒಂದು ಡಬ್ಲ್ಯು. ಝಡ್ ಎಷ್ಟೇ ಇರಲಿ, ಒಂದು ಡಬ್ಲ್ಯು ಇದ್ದರೆ ಹುಳ ಹೆಣ್ಣೇ ಎಂದು 1933ರಲ್ಲಿ ಜಪಾನಿನ ಹಶಿಮೊಟೊ ತೋರಿಸಿದರು. ಆಮೇಲೆ ತಜಿಮಾ ಎಂಬವರು ಎಕ್ಸ್‌ರೇ ಹಾಯಿಸಿ, ಹುಳದ ಮೈಗುರುತಿನ ಜೀನನ್ನು ಡಬ್ಲ್ಯುಗೆ ಅಂಟಿಸಿದರು. ಗುರುತಿದ್ದರೆ ಹೆಣ್ಣು, ಬೋಳಾಗಿದ್ದರೆ ಗಂಡು. ಅಂಥ ತಳಿಯಲ್ಲಿ ಗೂಡು ಕೊಯ್ಯುವ ಗೋಜೇ ಇಲ್ಲ.

ಆದರೆ ಡಬ್ಲ್ಯುವಿನೊಳಗೆ ಎಷ್ಟು ಹುಡುಕಿದರೂ ಹೆಣ್ಣಾಗಿಸುವ ಪ್ರೋಟೀನಿನ ಜೀನ್ ಸಿಗಲಿಲ್ಲ. ಸಿಕ್ಕಿದ್ದೆಲ್ಲ ಜಾಗ ಬದಲಿಸುವ ಡಿಎನ್‌ಎ ತುಣುಕುಗಳ ರಾಶಿ. ಕೊನೆಗೆ 2014ರಲ್ಲಿ ಟೋಕಿಯೋ ವಿಶ್ವವಿದ್ಯಾಲಯದ ಕತ್ಸುಮಾ ತಂಡಕ್ಕೆ ಅಲ್ಲಿಂದ ಹೊಮ್ಮುವ ಒಂದು ಪುಟ್ಟ ಆರ್‌ಎನ್‌ಎ ಸಿಕ್ಕಿತು. ಝಡ್ ಮೇಲೆ ಗಂಡಾಗಿಸುವ ‘ಮ್ಯಾಸ್ಕ್’ ಎಂಬ ಜೀನ್ ಇದೆ. ಅದರ ಸಂದೇಶವನ್ನು ಈ ಪುಟ್ಟ ಆರ್‌ಎನ್‌ಎ ಕತ್ತರಿಸಿಹಾಕುತ್ತದೆ. ಗಂಡಾಗಲು ಬಿಡದಿರುವುದೇ ಇಲ್ಲಿ ಹೆಣ್ಣಾಗಿಸುವ ಬಗೆ.

ಮ್ಯಾಸ್ಕ್‌ಗೆ ಇನ್ನೊಂದು ಕೆಲಸವೂ ಉಂಟು. ಗಂಡಿಗೆ ಝಡ್ ಎರಡಿರುವುದರಿಂದ ಅವುಗಳ ಜೀನ್‌ಗಳು ಅತಿಯಾಗಿ ದುಡಿಯದಂತೆ ತಗ್ಗಿಸಬೇಕು. ಆ ಕಡಿವಾಣ ಮ್ಯಾಸ್ಕ್ ಕೈಯಲ್ಲಿದೆ. ಪ್ರಯೋಗದಲ್ಲಿ ಮ್ಯಾಸ್ಕನ್ನು ಅಡಗಿಸಿದಾಗ ಗಂಡು ಭ್ರೂಣಗಳು ಹೆಣ್ಣಾಗಿ ಬದುಕಿಕೊಳ್ಳಲಿಲ್ಲ; ಝಡ್‌ನ ಜೀನ್‌ಗಳು ಹದ್ದುಮೀರಿ, ಅವು ಸತ್ತವು.