ಬಿತ್ತೋ ಬೀಜದ ಹಾಗೆ ಜೀವಕೋಶ ತೆಗೆದಿಡೋದು

ನಮ್ಮ ಹುಬ್ಬಳ್ಳಿ-ಧಾರವಾಡದ ಸುತ್ತ ಎಮ್ಮೆ, ಆಕಳು ಸಾಕಿದವರು ಒಂದು ಕ್ಯಾನ್ ನೋಡಿರ್ತೀರಿ. ಪಶು ಆಸ್ಪತ್ರೆಯವರು ಅದರ ಮುಚ್ಚಳ ತೆಗೆದರೆ ಬಿಳಿ ಹೊಗೆ ಏಳ್ತದ. ಒಳಗಿರೋದು ಮೈನಸ್ 196 ಡಿಗ್ರಿಯ ದ್ರವ ಸಾರಜನಕ. ಹೋರಿಯ ವೀರ್ಯ ಅದರಾಗ ವರ್ಷಗಟ್ಟಲೆ ಕೆಡದೇ ಇರ್ತದ. ಲ್ಯಾಬ್‌ನಲ್ಲಿ ಬೆಳೆಸಿದ ಜೀವಕೋಶ ಕಾಪಾಡೋದೂ ಇದೇ ವಿದ್ಯೆ.

ಯಾಕೆ ಫ್ರೀಜ್ ಮಾಡಬೇಕು? ಫ್ಲಾಸ್ಕ್‌ನಲ್ಲಿ ಕೋಶ ಒಡೆದು ಬೆಳೀತಾನೇ ಇರ್ತಾವ. ದಿನ ಕಳೆದಂತೆ ಅವುಗಳ ಗುಣ ಬದಲಾಗ್ತದ. ನಡುವೆ ಫಂಗಸ್ ಹೊಕ್ಕರೆ ಪಿಎಚ್‌ಡಿ ವಿದ್ಯಾರ್ಥಿಯ ತಿಂಗಳುಗಟ್ಟಲೆ ದುಡಿಮೆ ಹೋದಂಗೇ. ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದ ಭಂಡಾರದಿಂದ ದೇಶದ ಲ್ಯಾಬ್‌ಗಳು ಕೋಶ ತರಿಸ್ತಾವ. ಬಂದ ಕೂಡಲೇ ಪ್ರಯೋಗಕ್ಕೆ ಇಳಿಯಬೇಡ್ರಿ. ಮೊದಲು ಬೆಳೆಸಿ, ಸೋಂಕಿಲ್ಲ ಅಂತ ಖಾತ್ರಿ ಮಾಡ್ಕೊಂಡು, ಒಂದಿಷ್ಟು ವಯಲ್ ಫ್ರೀಜ್ ಮಾಡ್ರಿ. ರೈತ ಬಿತ್ತೋ ಬೀಜ ತೆಗೆದಿಟ್ಟೇ ಉಳಿದ ಜೋಳ ಉಣ್ತಾನ, ಹೌದಲ್ರಿ?

ಸುಮ್ಮನೆ ಫ್ರೀಜ್ ಮಾಡಿದರೆ ಕೋಶ ಸಾಯ್ತಾವ. ಒಳಗಿನ ನೀರು ಮಂಜಿನ ಹರಳಾಗಿ ಪೊರೆ ಹರೀತದ. 1949ರಲ್ಲಿ ಬ್ರಿಟನ್ನಿನ ಪೋಲ್ಜ್, ಸ್ಮಿತ್, ಪಾರ್ಕ್ಸ್ ಅವರು ಗ್ಲಿಸರಾಲ್ ಇದನ್ನು ತಡೀತದ ಅಂತ ತೋರಿಸಿದರು. 1959ರಲ್ಲಿ ಡಿಎಂಎಸ್‌ಒ ಬಂತು. ಈಗ ಸಾಮಾನ್ಯವಾಗಿ ಶೇಕಡಾ 10ರಷ್ಟು ಡಿಎಂಎಸ್‌ಒ ಬೆರೆಸಿ, ನಿಮಿಷಕ್ಕೆ ಸುಮಾರು 1 ಡಿಗ್ರಿಯಂತೆ ನಿಧಾನ ತಣಿಸ್ತಾರೆ. ರಾತ್ರಿ ಮೈನಸ್ 80ರ ಫ್ರೀಜರ್, ಮರುದಿನ ಸಾರಜನಕದ ಟ್ಯಾಂಕ್. ಹೊರಗೆ ತೆಗೆಯುವಾಗ ಮಾತ್ರ ಉಲ್ಟಾ: 37 ಡಿಗ್ರಿ ನೀರಿನಾಗ ಒಂದೆರಡು ನಿಮಿಷದಾಗ ಕರಗಿಸಬೇಕು. ಇಡೋದು ನಿಧಾನ, ಎಬ್ಬಿಸೋದು ಲಗೂ.

'ನಾಳೆ ಟ್ಯಾಂಕಿಗೆ ಹಾಕಿದ್ರಾತು' ಅಂತ ವಯಲ್‌ಗಳನ್ನು ಮೈನಸ್ 80ರಲ್ಲೇ ತಿಂಗಳುಗಟ್ಟಲೆ ಬಿಡೋರು ಅದಾರ. ಆ ತಂಪು ದೀರ್ಘಕಾಲಕ್ಕೆ ಸಾಲದು, ಕೋಶ ನಿಧಾನವಾಗಿ ಸಾಯ್ತಾವ. ಮಳೆಗಾಲದಾಗ ಕರೆಂಟ್ ಹೋದರಂತೂ ಕೇಳಬೇಡ್ರಿ. ಸಾರಜನಕದ ಕ್ಯಾನಿಗೆ ಕರೆಂಟ್ ಬೇಕಿಲ್ಲ, ಆದರೆ ಅದು ದಿನಾ ಆವಿಯಾಗ್ತದ. ವಾರಕ್ಕೊಮ್ಮೆ ಅಳತೆಕೋಲು ಇಳಿಸಿ ಮಟ್ಟ ನೋಡಿ, ವಹಿಯಲ್ಲಿ ಬರೀರಿ. ಈ ಕೆಲಸಕ್ಕೆ ಒಬ್ಬರ ಹೆಸರು ಇರಲಿ; ಎಲ್ಲರ ಕೆಲಸ ಅಂದರೆ ಯಾರೂ ನೋಡೋದಿಲ್ಲ. ದೀಪಾವಳಿ ರಜೆಗೆ ಊರಿಗೆ ಹೋಗೋ ಮುಂಚೆ ಕ್ಯಾನ್ ತುಂಬಿಸ್ರಿ.

ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಸಾರಜನಕ ಇಡಬೇಡ್ರಿ, ಅದು ಉಸಿರಾಡೋ ಆಮ್ಲಜನಕದ ಜಾಗ ತಗೊಳ್ತದ. ವಯಲ್ ಸಿಡಿಯೋದೂ ಉಂಟು. ಕನ್ನಡಕ, ಕೈಗವಸು ಬೇಕೇ ಬೇಕು.

ಕಡೆಯ ಮಾತು. ವಯಲ್‌ಗಳನ್ನೆಲ್ಲ ಒಂದೇ ಕ್ಯಾನಿನಾಗ ಇಡಬೇಡ್ರಿ. ನಾಲ್ಕು ವಯಲ್ ಪಕ್ಕದ ವಿಭಾಗದ ಟ್ಯಾಂಕಿನಾಗ ಇರಲಿ.