ಟ್ರಂಕಿನಲ್ಲಿರುವ ನೆಗೆಟಿವ್‌ಗಳಿಗೆ ಯಾವ ಸ್ಕ್ಯಾನರ್?

ಹಳೆಯ ನೆಗೆಟಿವ್‌ಗಳನ್ನೂ ಸ್ಲೈಡುಗಳನ್ನೂ ಕಂಪ್ಯೂಟರಿಗೆ ಏರಿಸಬೇಕು, ಕೈಗೆಟುಕುವ ಬೆಲೆಯ ಸ್ಕ್ಯಾನರ್ ಯಾವುದು ಎಂದು ಕೇಳುವವರು ಬಹಳ ಮಂದಿ. ಅಂಥವರಿಗೆ ನನ್ನ ಮೊದಲ ಸಲಹೆ ಇಷ್ಟೇ: ಅಂಗಡಿಗೆ ಹೋಗುವ ಮುನ್ನ ಮನೆಯ ಟ್ರಂಕು ತೆರೆಯಿರಿ.

ತಡಮಾಡಬೇಡಿ ಎನ್ನಲು ಕಾರಣವಿದೆ. ಫಿಲ್ಮ್ ಎಂದರೆ ಪಾರದರ್ಶಕ ಹಾಳೆ, ಅದರ ಮೇಲೆ ಜೆಲಟಿನ್ ಲೇಪ, ಆ ಲೇಪದೊಳಗೆ ಬೆಳ್ಳಿಯ ಕಣಗಳು ಅಥವಾ ಬಣ್ಣಗಳು. ಹಳೆಯ ಫಿಲ್ಮುಗಳ ಹಾಳೆ ಹೆಚ್ಚಾಗಿ ಅಸಿಟೇಟ್. ಶಾಖ, ತೇವಗಳಿಂದ ಅದು ಒಡೆಯತೊಡಗಿದಾಗ ಅಸಿಟಿಕ್ ಆಮ್ಲ ಹೊರಬರುತ್ತದೆ. ಆ ಆಮ್ಲವೇ ಕೊಳೆಯುವಿಕೆಯನ್ನು ಮತ್ತಷ್ಟು ಚುರುಕುಗೊಳಿಸುತ್ತದೆ. ಡಬ್ಬಿ ತೆರೆದೊಡನೆ ವಿನೆಗರ್ ವಾಸನೆ ಬಂದರೆ ಆ ಫಿಲ್ಮನ್ನು ಉಳಿದವುಗಳಿಂದ ಬೇರ್ಪಡಿಸಿ, ಮೊದಲು ಅದನ್ನೇ ಸ್ಕ್ಯಾನ್ ಮಾಡಿ. ಕರಾವಳಿ, ಮಲೆನಾಡುಗಳ ಮಳೆಗಾಲದಲ್ಲಿ ಜೆಲಟಿನ್ನಿಗೆ ಬೂಷ್ಟು ಹಿಡಿಯುವ ಭಯ ಬೇರೆ.

ಇನ್ನು ಫಿಲ್ಮುಗಳನ್ನು ಅಳತೆಗೆ ತಕ್ಕಂತೆ ವಿಂಗಡಿಸಿ. ಅಗ್ಗದ ಸ್ಕ್ಯಾನರುಗಳಲ್ಲಿ ಹೆಚ್ಚಿನವು 35 ಮಿ.ಮೀ. ಫಿಲ್ಮಿಗೆಂದೇ ಮಾಡಿದವು. ಅದರ ಒಂದು ಚಿತ್ರ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ಆದರೆ ನಮ್ಮ ಹಿರಿಯರ ಕೈಯಲ್ಲಿದ್ದದ್ದು ಆಗ್ಫಾ ಕ್ಲಿಕ್-3 ಆಗಿದ್ದರೆ, ಅದರದು 120 ಫಿಲ್ಮ್. ಸುಮಾರು 6 ಸೆಂ.ಮೀ. ಚೌಕದ ಹನ್ನೆರಡು ಚಿತ್ರಗಳು. ಇದನ್ನು ನೋಡದೆ ಯಂತ್ರ ಕೊಂಡರೆ ಅಜ್ಜ-ಅಜ್ಜಿಯ ಕಾಲದ ಚಿತ್ರಗಳೇ ಹೊರಗುಳಿಯುತ್ತವೆ.

ಕಾಗದಪತ್ರಗಳಿಗೆ ಬಳಸುವ ಸಾಧಾರಣ ಸ್ಕ್ಯಾನರ್ ಈ ಕೆಲಸಕ್ಕೆ ಒದಗದು. ಅದು ಓದುವುದು ಕಾಗದದಿಂದ ಪ್ರತಿಫಲಿಸಿದ ಬೆಳಕನ್ನು. ನೆಗೆಟಿವ್‌ಗೆ ಬೇಕಾದದ್ದು ಅದರ ಮೂಲಕ ಹಾದುಬಂದ ಬೆಳಕು. ಹೀಗಾಗಿ ನಿಮ್ಮೆದುರು ನಾಲ್ಕು ದಾರಿಗಳಿವೆ.

ಒಂದು, ಕಂಪ್ಯೂಟರಿಲ್ಲದೆಯೂ ನಡೆಯುವ ಪುಟ್ಟ ಪೆಟ್ಟಿಗೆ. ಒಳಗಿರುವುದು ಸಣ್ಣ ಕ್ಯಾಮೆರಾ. ಕೆಲಸ ಬೇಗ, ಬೆಲೆ ಅಗ್ಗ. ಗುಣಮಟ್ಟ ನೋಡಿ ಆನಂದಿಸುವಷ್ಟು ಮಾತ್ರ. ಎರಡು, ಮುಚ್ಚಳದಲ್ಲಿ ದೀಪವಿರುವ ಫ್ಲ್ಯಾಟ್‌ಬೆಡ್ ಸ್ಕ್ಯಾನರ್. 35 ಮಿ.ಮೀ., 120 ಎರಡೂ ಇರುವ ಮನೆಗೆ ಇದು ಹೊಂದುತ್ತದೆ, ಆದರೆ 120 ಹಿಡಿಸುವ ಚೌಕಟ್ಟು ಜೊತೆಗೆ ಬರುತ್ತದೆಯೇ ಎಂದು ಕೇಳಿಕೊಳ್ಳಿ. ಮೂರು, ಫಿಲ್ಮಿಗೆಂದೇ ಮಾಡಿದ ಸ್ಕ್ಯಾನರ್. 35 ಮಿ.ಮೀ. ಸ್ಲೈಡುಗಳು ನೂರಾರು ಇದ್ದರೆ ಇದಕ್ಕೆ ಹಣ ಹಾಕಬಹುದು. ನಾಲ್ಕು, ಮನೆಯಲ್ಲಿ ಒಳ್ಳೆಯ ಡಿಜಿಟಲ್ ಕ್ಯಾಮೆರಾ, ಮ್ಯಾಕ್ರೋ ಲೆನ್ಸ್ ಇದ್ದರೆ ಎಲ್‌ಇಡಿ ಬೆಳಕಿನ ಹಲಗೆಯ ಮೇಲೆ ಫಿಲ್ಮನ್ನಿಟ್ಟು ನೇರವಾಗಿ ಚಿತ್ರ ತೆಗೆಯುವುದು. 24 ಮೆಗಾಪಿಕ್ಸೆಲ್ ಕ್ಯಾಮೆರಾ ಇದ್ದರೆ ಸಾಕು, ದುಬಾರಿ ಸ್ಕ್ಯಾನರಿಗೆ ಸರಿಸಾಟಿಯಾದ ಚಿತ್ರ ಬರುತ್ತದೆ. ಕ್ಯಾಮೆರಾ ಮಾತ್ರ ಫಿಲ್ಮಿಗೆ ಸಮಾನಾಂತರವಾಗಿ, ಅಲುಗಾಡದಂತೆ ನಿಂತಿರಬೇಕು.

ಕೊಳ್ಳುವಾಗ ದೊಡ್ಡ ಅಂಕಿಗಳಿಗೆ ಮರುಳಾಗಬೇಡಿ. ಲೆಕ್ಕ ಸರಳವಾಗಿದೆ. 36 ಮಿ.ಮೀ. ಎಂದರೆ ಸುಮಾರು 1.42 ಅಂಗುಲ. ಅಂಗುಲಕ್ಕೆ 2400 ಚುಕ್ಕಿಗಳಂತೆ ಓದಿದರೆ ಉದ್ದಕ್ಕೆ 3400 ಚುಕ್ಕಿಗಳು. ಅಂಗುಲಕ್ಕೆ 300ರಂತೆ ಮುದ್ರಿಸಿದರೆ 11 ಅಂಗುಲದ ಚಿತ್ರ! ಗೋಡೆಗೆ ತೂಗುಹಾಕಲು ಇಷ್ಟು ಸಾಕು. 120 ಫಿಲ್ಮಿನ ಚಿತ್ರ ದೊಡ್ಡದಾದ್ದರಿಂದ ಅಷ್ಟೇ ಓದಿಗೆ ಇನ್ನೂ ದೊಡ್ಡ ಪ್ರಿಂಟು ಸಿಗುತ್ತದೆ. ಪೆಟ್ಟಿಗೆಯ ಮೇಲೆ 6400, 7200 ಎಂದು ಬರೆದ ಯಂತ್ರಗಳು ಪರೀಕ್ಷೆಯಲ್ಲಿ ಅದರ ಅರ್ಧವನ್ನಷ್ಟೇ, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ ಕೊಟ್ಟದ್ದುಂಟು. ‘ಇಂಟರ್‌ಪೊಲೇಷನ್’ ಎಂದು ನಮೂದಿಸಿದ್ದರೆ, ಅದು ಯಂತ್ರ ಕಂಡದ್ದಲ್ಲ, ಊಹಿಸಿ ತುಂಬಿದ್ದು ಎಂದು ತಿಳಿಯಿರಿ.

ಕೆಲವು ಸ್ಕ್ಯಾನರುಗಳಲ್ಲಿ ಧೂಳು, ಗೀರುಗಳನ್ನು ಅಳಿಸುವ ಇನ್‌ಫ್ರಾರೆಡ್ ವ್ಯವಸ್ಥೆ ಇರುತ್ತದೆ. ಬಣ್ಣದ ನೆಗೆಟಿವ್‌ನ ಬಣ್ಣಗಳ ಮೂಲಕ ಅವಕೆಂಪು ಕಿರಣ ಹಾದುಹೋಗುತ್ತದೆ, ಧೂಳು ಅದನ್ನು ತಡೆಯುತ್ತದೆ. ಹೀಗೆ ಯಂತ್ರ ಧೂಳನ್ನು ಗುರುತಿಸುತ್ತದೆ. ಕಪ್ಪು-ಬಿಳುಪು ಫಿಲ್ಮಿನಲ್ಲಿ ಬೆಳ್ಳಿಯೂ ಕಿರಣವನ್ನು ತಡೆಯುವುದರಿಂದ ಈ ಉಪಾಯ ಅಲ್ಲಿ ನಡೆಯದು. ನಿಮ್ಮ ಟ್ರಂಕಿನಲ್ಲಿರುವುದೆಲ್ಲ ಕಪ್ಪು-ಬಿಳುಪೇ ಆಗಿದ್ದರೆ ಆ ಸೌಲಭ್ಯಕ್ಕೆ ಹೆಚ್ಚು ಹಣ ತೆರುವ ಅಗತ್ಯವಿಲ್ಲ.

ಸೆಕೆಂಡ್‌ಹ್ಯಾಂಡ್ ಯಂತ್ರವೂ ಒಳ್ಳೆಯದೇ. ಆದರೆ ಅದರ ಕೇಬಲ್ ಇಂದಿನ ಕಂಪ್ಯೂಟರಿಗೆ ಕೂಡುತ್ತದೆಯೇ, ಫಿಲ್ಮ್ ಹಿಡಿಸುವ ಚೌಕಟ್ಟುಗಳೆಲ್ಲ ಇವೆಯೇ ಎಂದು ನೋಡಿ. ಕಂಪನಿ ಕೈಬಿಟ್ಟ ಹಳೆಯ ಸ್ಕ್ಯಾನರುಗಳಲ್ಲಿ ಅನೇಕವನ್ನು ನಡೆಸಬಲ್ಲ ವ್ಯೂಸ್ಕ್ಯಾನ್‌ನಂಥ ತಂತ್ರಾಂಶಗಳಿವೆ. ಕೆಲಸ ಮುಗಿದ ಮೇಲೆ ಯಂತ್ರವನ್ನು ಮಾರಲೂಬಹುದು. ನಾಲ್ಕಾರು ಬಂಧುಗಳು ಸೇರಿ ಒಂದನ್ನು ಕೊಂಡರೆ ಇನ್ನೂ ಲೇಸು.

ಸ್ಕ್ಯಾನ್ ಮಾಡುವಾಗ ಫಿಲ್ಮಿನ ಅಂಚನ್ನಷ್ಟೇ ಹಿಡಿಯಿರಿ. ಧೂಳನ್ನು ಗಾಳಿಯ ಬ್ಲೋವರಿನಿಂದ ಊದಿ. ಬಾಯಿಂದ ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಬೇಡಿ. ಫಿಲ್ಮ್ ತಿರುವುಮುರುವಾದರೆ ಚಿತ್ರ ಕನ್ನಡಿಯಲ್ಲಿ ಕಂಡಂತಾಗುತ್ತದೆ. ಅಂಗಡಿ ಬೋರ್ಡಿನ ಅಕ್ಷರ ನೋಡಿ. ಬೋರ್ಡಿಲ್ಲದಿದ್ದರೆ ಅಮ್ಮನ ಎಡಹೆಗಲ ಸೆರಗು ಬಲಕ್ಕೆ ಹೋಗಿದೆಯೇ ಎಂದು ನೋಡಿ. ಮುಖ್ಯ ಚಿತ್ರಗಳನ್ನು ಟಿಫ್ ರೂಪದಲ್ಲಿ ಉಳಿಸಿ, ಪ್ರತಿಗಳನ್ನು ಎರಡು ಬೇರೆ ಬೇರೆ ಮನೆಗಳಲ್ಲಿ ಇಡಿ.

ಸ್ಕ್ಯಾನ್ ಆಯಿತೆಂದು ನೆಗೆಟಿವ್‌ಗಳನ್ನು ಮಾತ್ರ ಎಸೆಯಬೇಡಿ. ಕಾರ್ಯಕ್ರಮಗಳಿಗಾಗಿ ಹಳೆಯ ಚಿತ್ರ ಹುಡುಕಿಕೊಂಡು ಹೋಗುವ ನಮ್ಮಂಥವರಿಗೆ ಹಲವು ಮನೆಗಳಲ್ಲಿ ಸಿಗುವುದು ಮಾಸಿದ ಒಂದು ಪ್ರಿಂಟು. ನೆಗೆಟಿವ್ ಎಂದೋ ಕಸಕ್ಕೆ ಹೋಗಿರುತ್ತದೆ. ಆ ಪ್ರಿಂಟಿನಲ್ಲಿ ನಿಂತವರು ಯಾರೆಂದು ಹೇಳಬಲ್ಲವರೂ ಇರುವುದಿಲ್ಲ. ಆದ್ದರಿಂದ ಮೊದಲ ಹತ್ತು ಚಿತ್ರಗಳು ಕಂಪ್ಯೂಟರಿಗೆ ಬಂದ ದಿನವೇ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾರು, ಯಾವ ಊರು, ಯಾವ ವರ್ಷ ಎಂದು ಕೇಳಿ ಬರೆದಿಡಿ. ಸ್ಕ್ಯಾನರನ್ನು ಮುಂದಿನ ವರ್ಷವೂ ಕೊಳ್ಳಬಹುದು. ಆ ಉತ್ತರಗಳನ್ನು ಈಗಲೇ ಕೇಳಿಕೊಳ್ಳಬೇಕು.